ಬದು, ಬೇಲಿ, ನೀರು: ಪಕ್ಕದವರ ಜೊತೆ ತಕರಾರು ಬಂದಾಗ ಎಲ್ಲಿಂದ ಶುರು ಮಾಡಬೇಕು

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. "ಪಕ್ಕದ ಹೊಲದವರು ಬದು ಒತ್ತಿದ್ದಾರೆ, ಏನು ಮಾಡಲಿ?" "ನಮ್ಮ ಗದ್ದೆ ನೀರು ಹೋಗೋ ಕಾಲುವೆಗೆ ಮಣ್ಣು ಹಾಕಿಬಿಟ್ಟಿದ್ದಾರೆ." "ಅವರ ಮನೆ ಸೂರಿನ ನೀರು ನಮ್ಮ ಗೋಡೆಗೇ ಬೀಳುತ್ತೆ, ಸ್ಟೇಷನ್ನಿಗೆ ಹೋದರೆ ಸಿವಿಲ್ ಮ್ಯಾಟರ್ ಅಂತಾರೆ." ಚನ್ನಗಿರಿಯಿಂದ, ಜಗಳೂರಿನಿಂದ, ಹೊಳಲ್ಕೆರೆ, ಹಿರಿಯೂರಿನಿಂದ, ದಾವಣಗೆರೆ ಪೇಟೆಯೊಳಗಿನಿಂದಲೂ ಕೇಳುತ್ತಾರೆ. ಒಬ್ಬೊಬ್ಬರಿಗೂ ತುಂಡುತುಂಡಾಗಿ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ವಿಷಯ ಗಟ್ಟಿಮಾಡಿಕೊಳ್ಳಿ. "ಪಕ್ಕದವರ ತಕರಾರು" ಎಂದು ನಾವು ಒಂದೇ ಉಸಿರಿಗೆ ಹೇಳುವುದರಲ್ಲಿ ಸಾಮಾನ್ಯವಾಗಿ ಮೂರು ತಕರಾರು ಸೇರಿಕೊಂಡಿರುತ್ತವೆ. ಗೆರೆ ಎಲ್ಲಿದೆ ಎಂಬುದು ಒಂದು. ಆ ಗೆರೆಯ ಮೇಲೆ ಬೇಲಿ ಯಾರು, ಹೇಗೆ ಹಾಕಬೇಕು ಎಂಬುದು ಇನ್ನೊಂದು. ನೀರು ಯಾವ ಕಡೆ ಹರಿಯಬೇಕು ಎಂಬುದು ಮೂರನೆಯದು. ಗೆರೆ ತೋರಿಸುವುದು ಸರ್ವೆ ಇಲಾಖೆಯ ಕೆಲಸ, ಆದರೆ ಬೇಲಿ ಕೀಳಿಸುವ ಅಧಿಕಾರ ಅದಕ್ಕಿಲ್ಲ. ಖಾಸಗಿ ಜಮೀನಿನಲ್ಲಿ ನೀರಿನ ಹಕ್ಕು ಯಾರದೆಂದು ತೀರ್ಮಾನಿಸುವುದು ಸಿವಿಲ್ ಕೋರ್ಟು. ಸರ್ಕಾರಿ ಹಳ್ಳಕ್ಕೆ ಮಣ್ಣು ಸುರಿದಿದ್ದರೆ ತಹಶೀಲ್ದಾರರು, ಊರ ಚರಂಡಿ ಮುಚ್ಚಿದ್ದರೆ ಗ್ರಾಮ ಪಂಚಾಯಿತಿ ಅಥವಾ ನಗರಸಭೆ. ಎಲ್ಲವನ್ನೂ ಕಲಸಿ ಒಂದೇ ಅರ್ಜಿ ಬರೆದು ಡಿ.ಸಿ. ಆಫೀಸಿಗೆ ಕೊಟ್ಟರೆ ಅದು ಟೇಬಲ್ಲಿನಿಂದ ಟೇಬಲ್ಲಿಗೆ ತಿರುಗುತ್ತದೆ, ಅಷ್ಟರಲ್ಲಿ ಒಂದು ಮಳೆಗಾಲ ಕಳೆದೇಹೋಗಿರುತ್ತದೆ.

ಹಂತ 1: ಕೈ ತಡೆಯಿರಿ, ಫೋನ್ ತೆಗೆಯಿರಿ

ರಾತ್ರಿ ಜೆಸಿಬಿ ತರಿಸಿ ಬದು ನೆಲಸಮ ಮಾಡುವುದು, ಬೇಲಿಯ ಕಲ್ಲುಕಂಬ ಕಿತ್ತು ಹಾಕುವುದು ಬೇಡವೇ ಬೇಡ. ಅಲ್ಲಿಯವರೆಗೆ ನಿಮ್ಮ ಪರವಾಗಿದ್ದ ವ್ಯಾಜ್ಯ ಆ ಒಂದು ರಾತ್ರಿಯಲ್ಲಿ ನಿಮ್ಮ ಮೇಲಿನ ಕ್ರಿಮಿನಲ್ ಕೇಸಾಗಿ ತಿರುಗುತ್ತದೆ. ಸರ್ಕಾರಿ ಭೂಮಾಪಕರು ನೆಟ್ಟ ಬಾಂದುಕಲ್ಲನ್ನು, ಅಂದರೆ ಸರ್ವೆ ಗಡಿಕಲ್ಲನ್ನು, ಕೀಳುವುದು ಅಥವಾ ಜರುಗಿಸುವುದು ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಂ ಪ್ರಕಾರ ಅಪರಾಧ. ಕಲ್ಲು ತಪ್ಪು ಜಾಗದಲ್ಲಿದೆ ಎಂದು ನಿಮಗೆ ನೂರಕ್ಕೆ ನೂರು ಗೊತ್ತಿದ್ದರೂ ಮುಟ್ಟಬೇಡಿ.

ಅದರ ಬದಲು ಫೋಟೊ ತೆಗೆಯಿರಿ. ಫೋಟೊ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಬರೀ ಬೇಲಿಯ ಫೋಟೊ ತೆಗೆದರೆ ಅದು ಎಲ್ಲಿಯ ಬೇಲಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಾಡದ ವಸ್ತು ಒಂದನ್ನು ಚೌಕಟ್ಟಿನೊಳಗೆ ಇಟ್ಟುಕೊಳ್ಳಿ: ಬಾವಿಕಟ್ಟೆ, ಕೊಳವೆಬಾವಿಯ ಕೇಸಿಂಗ್, ಹುಣಸೆಮರ, ಕರೆಂಟಿನ ಕಂಬ, ಮನೆಯ ಮೂಲೆ. ಅಲ್ಲಿಂದ ಬೇಲಿಗೆ ಟೇಪ್ ಹಿಡಿದು, ಅಂಕಿ ಕಾಣುವಂತೆ ಹತ್ತಿರದಿಂದ ಇನ್ನೊಂದು ಚಿತ್ರ ತೆಗೆಯಿರಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಬದು ಒಂದೇ ದಿನಕ್ಕೆ ಹೋಗುವುದಿಲ್ಲ. ವರ್ಷಕ್ಕೆ ನಾಲ್ಕು ಬೆರಳಿನಂತೆ ರೆಂಟೆಯ ಬಾಯಿಗೆ ಹೋಗುತ್ತದೆ. ಅಂಥದ್ದನ್ನು ತೋರಿಸಲು ಒಂದು ಫೋಟೊ ಸಾಲದು, ಸಾಲು ಫೋಟೊ ಬೇಕು. ನೀರಿನ ತಕರಾರಾದರೆ ಮಳೆ ಬರುವಾಗಲೇ ವಿಡಿಯೊ ಮಾಡಿ. ಬಿಸಿಲಲ್ಲಿ ತೆಗೆದ ಒಣ ಕಾಲುವೆಯ ಚಿತ್ರ ನೋಡಿದವರಿಗೆ ಏನೂ ಅರ್ಥವಾಗುವುದಿಲ್ಲ.

ಹಂತ 2: ಕಾಗದ ಕೂಡಿಸಿ, ಓದಿ

ಹೊಲ, ಗದ್ದೆ, ತೋಟವಾದರೆ ಇವು ಬೇಕು: ನಿಮ್ಮ ಮತ್ತು ಪಕ್ಕದವರ ಇಬ್ಬರ ಪಹಣಿ, ಸರ್ವೆ ನಂಬರಿನ ಟಿಪ್ಪಣಿ, ಆಕಾರ್‌ಬಂದ್, ಗ್ರಾಮ ನಕ್ಷೆ, ಕ್ರಯಪತ್ರ ಅಥವಾ ಪಾಲುಪತ್ರ. ಪಕ್ಕದವರ ಪಹಣಿ ತೆಗೆಸಲು ಅವರ ಒಪ್ಪಿಗೆ ಬೇಕಿಲ್ಲ. ನಾಡಕಚೇರಿಯಲ್ಲಿ ಅಥವಾ ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆಯಬಹುದು.

ಪಹಣಿಯ 3ನೇ ಕಾಲಂ ವಿಸ್ತೀರ್ಣ ಹೇಳುತ್ತದೆ, 9ನೇ ಕಾಲಂ ಮಾಲೀಕರ ಹೆಸರು ಮತ್ತು ಅವರ ಪಾಲು, 11ನೆಯದು ಸಾಲ ಮತ್ತು ಇತರ ಹಕ್ಕು, 12ನೆಯದು ಸಾಗುವಳಿ ಮತ್ತು ಬೆಳೆ. ಗಮನಿಸಿ, ಇದರಲ್ಲಿ ಎಲ್ಲೂ ಗೆರೆಯಿಲ್ಲ. ಪಹಣಿ ಎಷ್ಟು ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಗೆರೆ ಇರುವುದು ಟಿಪ್ಪಣಿಯಲ್ಲಿ, ಅಂದರೆ ಮೂಲ ಸರ್ವೆಯ ಕಾಲದಲ್ಲಿ ಅಳೆದು ಬರೆದ ರೇಖಾಚಿತ್ರದಲ್ಲಿ. ಆಕಾರ್‌ಬಂದ್ ಎಂದರೆ ಆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು, ಕಂದಾಯದ ಪಟ್ಟಿ. ಒಂದು ನಂಬರಿನ ಎಲ್ಲಾ ಪಾಲುದಾರರ ಪಹಣಿ ಕೂಡಿಸಿದಾಗ ಆಕಾರ್‌ಬಂದಿಗಿಂತ ಹೆಚ್ಚು ಬಂದರೆ, ಪಕ್ಕದವರು ಒತ್ತಿದ್ದಾರೆ ಎಂದು ನೀವು ಅಂದುಕೊಂಡಿರುವುದು ನಿಜವಾಗಿ ಕಾಗದದ ತಪ್ಪಿರಬಹುದು. ಜಗಳಕ್ಕೆ ಮುಂಚೆ ಈ ಕೂಡುವ ಲೆಕ್ಕ ಮಾಡಿ.

ಹಳೆಯ ಟಿಪ್ಪಣಿ ಓದಲು ಒಂದು ಕೀಲಿ. ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ, ಅಂದರೆ ಒಂದು ಆಣೆಗೆ ಎರಡು ಅಡಿಯ ಮೇಲೆ ಮುಕ್ಕಾಲು ಇಂಚಿನಷ್ಟು. 33 ಅಡಿ ಚೌಕ ಒಂದು ಗುಂಟೆ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಆಣೆಯ ಲೆಕ್ಕದಲ್ಲಿ ಬರೆದ ದಾಖಲೆ ಹಿಡಿದು ನಾಲ್ಕೈದು ಇಂಚಿನ ಜಗಳ ತೀರಿಸಲು ಹೋಗಬೇಡಿ, ಅಷ್ಟು ಸೂಕ್ಷ್ಮ ಅದಕ್ಕಿಲ್ಲ. ಹಾಗೆಯೇ ನಿಮ್ಮ ತಕರಾರಿನ ತೂಕವನ್ನೂ ಲೆಕ್ಕಹಾಕಿ: 330 ಅಡಿ ಉದ್ದದ ಬದುವಿನಲ್ಲಿ ಒಂದು ಅಡಿ ಹೋದರೆ 330 ಚದರ ಅಡಿ, ಒಂದು ಗುಂಟೆಯ ಮೂರನೇ ಒಂದು ಪಾಲಿಗೂ ಸ್ವಲ್ಪ ಕಡಿಮೆ. ಅದು ಬಿಟ್ಟುಕೊಡುವಂಥದ್ದೋ ಹೋರಾಡುವಂಥದ್ದೋ ನಿಮಗೆ ಬಿಟ್ಟದ್ದು, ಆದರೆ ಅಂಕಿ ಗೊತ್ತಿದ್ದು ತೀರ್ಮಾನಿಸಿ.

ಖರಾಬಿನಲ್ಲಿ ಎರಡು ಬಗೆ. 'ಅ' ಖರಾಬು ಬಂಡೆ, ತಗ್ಗು ಇತ್ಯಾದಿ ಸಾಗುವಳಿಗೆ ಬಾರದ ನಿಮ್ಮದೇ ನೆಲ. 'ಬ' ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಅದು ಯಾರ ಪಹಣಿಯೊಳಗಿದ್ದರೂ ಅವರದಲ್ಲ. ನೀರಿನ ತಕರಾರಿನಲ್ಲಿ ಈ ಒಂದಕ್ಷರವೇ ಎಲ್ಲವನ್ನೂ ಬದಲಿಸುತ್ತದೆ, ಮುಂದೆ ಹೇಳುತ್ತೇನೆ.

ದಾವಣಗೆರೆ ಜಿಲ್ಲೆಯ ಓದುಗರಿಗೆ: 1997ರ ಆಗಸ್ಟ್ 15ಕ್ಕೆ ಮುಂಚಿನ ನಿಮ್ಮ ಕ್ರಯಪತ್ರದಲ್ಲಿ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲೂ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲೂ ಇರುತ್ತವೆ. ಅದು ತಪ್ಪಲ್ಲ, ಜಿಲ್ಲೆ ಆಗಿನ್ನೂ ಹುಟ್ಟಿರಲಿಲ್ಲ. ಪತ್ರದಲ್ಲಿ ನೋಡಬೇಕಾದ್ದು ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಯಾರ ಜಮೀನು, ಯಾವ ದಾರಿ, ಯಾವ ಹಳ್ಳ ಎಂಬ ವಿವರ.

ಮನೆ, ಸೈಟಿನ ತಕರಾರಾದರೆ ಟಿಪ್ಪಣಿ ಸಿಗುವುದಿಲ್ಲ. ಹಳ್ಳಿಯ ಗ್ರಾಮಠಾಣದೊಳಗಿದ್ದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9, ಡ್ರೋನ್ ಸರ್ವೆ ನಡೆದ ಊರಾದರೆ ಸ್ವಾಮಿತ್ವ ಯೋಜನೆಯ ಆಸ್ತಿ ಕಾರ್ಡು. ದಾವಣಗೆರೆ ನಗರದಲ್ಲಾದರೆ ಪಾಲಿಕೆಯ ಖಾತೆ ಮತ್ತು ದೂಡಾ, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅನುಮೋದಿಸಿದ ಬಡಾವಣೆ ನಕ್ಷೆ. ಸೈಟಿನ ಉದ್ದಗಲ ಕ್ರಯಪತ್ರದಲ್ಲಿ ಒಂದು, ಖಾತೆಯಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ಹಂತ 3: ಅಳತೆಗೆ ಮುಂಚೆ ಮಾತಾಡಿ

ಇದನ್ನು ಎಲ್ಲರೂ ಹಾರಿಸಿ ಮುಂದಕ್ಕೆ ಹೋಗುತ್ತಾರೆ. ಮಾತಾಡಲು ಹೋಗುವುದೆಂದರೆ ಸೋತ ಹಾಗೆ ಎಂದು ಯಾಕೆ ಅನಿಸುತ್ತದೋ ತಿಳಿಯದು. "ನೀವು ಒತ್ತಿದ್ದೀರಿ" ಎಂದು ಶುರು ಮಾಡಬೇಡಿ. "ಇಬ್ಬರೂ ಸೇರಿ ಅಳತೆ ಮಾಡಿಸೋಣ, ಖರ್ಚು ಅರ್ಧರ್ಧ" ಎಂದು ಹೇಳಿ. ಒಬ್ಬರೇ ಕರೆಸಿದ ಸರ್ವೆಯರ್ ಮೇಲೆ ಇನ್ನೊಬ್ಬರಿಗೆ ಅನುಮಾನ ಇದ್ದೇ ಇರುತ್ತದೆ. ಇಬ್ಬರೂ ಕರೆಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮಾತು ಹಬ್ಬದ ದಿನ, ಕುಡಿದ ಹೊತ್ತಿನಲ್ಲಿ, ಅಥವಾ ಹತ್ತು ಜನರ ಮುಂದೆ ಆಗಬಾರದು. ಇಬ್ಬರಿಗೂ ಬೇಕಾದ ಒಬ್ಬ ಹಿರಿಯರು ಸಾಕು. ಬಾಯಿಮಾತು ಹತ್ತದಿದ್ದರೆ ನಿಮ್ಮ ಬೇಡಿಕೆಯನ್ನು ಒಂದು ಪುಟದಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮುಂದೆ ಕೋರ್ಟಿನಲ್ಲಿ "ನಮಗೆ ಹೇಳಲೇ ಇಲ್ಲ" ಎನ್ನುವ ಮಾತಿಗೆ ಅದೇ ಉತ್ತರ.

ಹಂತ 4: ಹದ್ದುಬಸ್ತು ಮಾಡಿಸಿ

ಹದ್ದುಬಸ್ತು ಎಂದರೆ ಸರ್ಕಾರಿ ದಾಖಲೆಯ ಪ್ರಕಾರ ನಿಮ್ಮ ಜಮೀನಿನ ಗಡಿಯನ್ನು ನೆಲದ ಮೇಲೆ ಗುರುತಿಸುವುದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಅಡಿಯಲ್ಲಿ ನಡೆಯುವ ಕೆಲಸ ಇದು. ನಾಡಕಚೇರಿಯಲ್ಲಿ ಅಥವಾ ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಪಹಣಿ, ಆಧಾರ್ ಜೊತೆಗೆ ಬಾಜುದಾರರ, ಅಂದರೆ ಸುತ್ತಲಿನ ಜಮೀನುದಾರರ ಹೆಸರು ಮತ್ತು ವಿಳಾಸ ಕೊಡಬೇಕು. ಭೂಮಾಪಕರು ಬರುವ ದಿನ ತಿಳಿಸಿ ಅವರಿಗೆಲ್ಲ ನೋಟಿಸು ಹೋಗುತ್ತದೆ. ಹೆಸರು ಬಿಟ್ಟುಹೋದ ಬಾಜುದಾರ ನಾಳೆ ಬಂದು "ನನಗೆ ನೋಟಿಸೇ ಬಂದಿಲ್ಲ" ಎಂದರೆ ಇಡೀ ಅಳತೆಯೇ ಪ್ರಶ್ನೆಗೊಳಗಾಗುತ್ತದೆ. ತೀರಿಹೋದವರ ಹೆಸರೇ ಪಹಣಿಯಲ್ಲಿದ್ದರೆ ಅವರ ವಾರಸುದಾರರ ಹೆಸರು ಬರೆಯಿರಿ.

ಯಾವಾಗ ಅರ್ಜಿ ಹಾಕಬೇಕು? ಬೆಳೆ ಇಲ್ಲದ ಹೊತ್ತಿಗೆ ಅಳತೆ ಬೀಳುವಂತೆ ನೋಡಿಕೊಳ್ಳಿ. ಮೆಕ್ಕೆಜೋಳ ಆಳೆತ್ತರ ನಿಂತಿದ್ದಾಗ ಗೆರೆ ಹಿಡಿಯಲು ಆಗದು, ಭದ್ರಾ ನಾಲೆಯ ನೀರು ನಿಂತ ಗದ್ದೆಯಲ್ಲೂ ಆಗದು. ಚಳ್ಳಕೆರೆ, ಹಿರಿಯೂರು ಕಡೆಯ ಬೆದ್ದಲು ಹೊಲಗಳಿಗೆ ಶೇಂಗಾ ಕಿತ್ತ ಮೇಲೆ, ಅಂದರೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲ ಅನುಕೂಲ.

ಅಳತೆಯ ದಿನ ನೀವು ಮಾಡಬೇಕಾದ್ದು ಇಷ್ಟು. ಬೇಲಿ ಮುಳ್ಳು ಸವರಿ ಹಳೆಯ ಕಲ್ಲುಗಳು ಕಾಣುವಂತೆ ಮಾಡಿ. ಎಷ್ಟೋ ಬಾಂದುಕಲ್ಲುಗಳು ಒಂದು ಮೊಳ ಮಣ್ಣಿನಡಿ ಹೂತಿರುತ್ತವೆ, ಕತ್ತಾಳೆ ಮೆಳೆಯ ಬುಡದಲ್ಲಿ ಸಿಕ್ಕುತ್ತವೆ. ಭೂಮಾಪಕರು ಯಾವ ಕಲ್ಲಿನಿಂದ ಅಳತೆ ಶುರು ಮಾಡಿದರು ಎಂದು ನೋಡಿ ಬರೆದಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ತಕರಾರು ಎದ್ದರೆ ಮೊದಲ ಪ್ರಶ್ನೆಯೇ ಅದು. ಕೊನೆಯಲ್ಲಿ ಮಹಜರು, ಅಂದರೆ ಸ್ಥಳದಲ್ಲೇ ಬರೆಯುವ ನಡಾವಳಿ, ಓದಿಸಿ ಕೇಳಿ ಸಹಿ ಮಾಡಿ. ಒಪ್ಪಿಗೆ ಇಲ್ಲದಿದ್ದರೆ ಸಹಿ ಮಾಡದೆ ಎದ್ದುಹೋಗಬೇಡಿ. "ಈ ಕಾರಣಕ್ಕೆ ನನ್ನ ಆಕ್ಷೇಪವಿದೆ" ಎಂದು ಬರೆದು ಸಹಿ ಮಾಡಿ. ಅಳತೆ ತಪ್ಪೆನಿಸಿದರೆ ತಡಮಾಡದೆ ಮೇಲಿನ ಭೂದಾಖಲೆ ಅಧಿಕಾರಿಗಳಿಗೆ ಮೇಲ್ಮನವಿ ಹಾಕಿ.

ಇಲ್ಲಿ ಎಡವುವ ಜಾಗಗಳು ಮೂರಿವೆ.

ನಿಮ್ಮ ನಂಬರು ಪೋಡಿ ಆಗಿದೆಯೇ ನೋಡಿ. ಪೋಡಿ ಎಂದರೆ ಒಂದು ಸರ್ವೆ ನಂಬರಿನೊಳಗಿನ ಪಾಲುಗಳನ್ನು ಅಳೆದು ಬೇರೆಬೇರೆ ಹಿಸ್ಸಾ ನಂಬರು ಕೊಡುವುದು. ಒಂದೇ ಪಹಣಿಯಲ್ಲಿ ಐದು ಜನರ ಹೆಸರಿದ್ದು ನಿಮ್ಮದು ಅದರ 'ಪೈಕಿ' ಎರಡು ಎಕರೆ ಎಂದಿದ್ದರೆ, ನಿಮ್ಮ ಎರಡು ಎಕರೆಗೆ ದಾಖಲೆಯಲ್ಲಿ ಗೆರೆಯೇ ಇಲ್ಲ. ಇಲ್ಲದ ಗೆರೆಯನ್ನು ಯಾವ ಭೂಮಾಪಕರೂ ತೋರಿಸಲಾರರು. ಮೊದಲು ಪೋಡಿ, ಆಮೇಲೆ ಹದ್ದುಬಸ್ತು. ಅಣ್ಣತಮ್ಮಂದಿರ ಪಾಲಿನ ಜಮೀನುಗಳಲ್ಲಿ ನಾನು ಕೇಳುವ ಹೆಚ್ಚಿನ ತಕರಾರುಗಳ ಬೇರು ಇಲ್ಲೇ ಇರುತ್ತದೆ.

ಎರಡನೆಯದು, ದಿಶಾಂಕ್ ಆ್ಯಪ್. ನೀವು ನಿಂತ ಜಾಗ ಯಾವ ಸರ್ವೆ ನಂಬರು ಎಂದು ತಿಳಿಯಲು, ಹಳ್ಳವೋ ದಾರಿಯೋ ಹತ್ತಿರದಲ್ಲಿದೆಯೇ ನೋಡಲು ಅದು ಬಹಳ ಒಳ್ಳೆಯದು. ಆದರೆ ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಅದನ್ನು ಹಿಡಿದು ಬದುವಿನ ಮೇಲೆ ನಿಂತು "ನೋಡಿ, ನೀಲಿ ಚುಕ್ಕಿ ನಮ್ಮ ಕಡೆ ಇದೆ" ಎಂದು ವಾದಿಸಬೇಡಿ.

ಮೂರನೆಯದನ್ನು ಎಷ್ಟು ಸಲ ಹೇಳಿದರೂ ಸಾಲದು. ಹದ್ದುಬಸ್ತು ಗೆರೆ ತೋರಿಸುತ್ತದೆ, ಜಾಗ ಬಿಡಿಸಿಕೊಡುವುದಿಲ್ಲ. ಅಳತೆಯಲ್ಲಿ ಮೂರು ಗುಂಟೆ ಪಕ್ಕದವರ ಸ್ವಾಧೀನದಲ್ಲಿದೆ ಎಂದು ಬಂದರೆ, ಭೂಮಾಪಕರು ನಕ್ಷೆಯಲ್ಲಿ ಅದನ್ನು ಗುರುತಿಸಿ ಹೊರಡುತ್ತಾರೆ. ಅವರು ಬೇಲಿ ಕಿತ್ತು ನಿಮಗೆ ಬಿಟ್ಟುಕೊಡಲಿಲ್ಲ ಎಂದು ದೂರುವವರು ಬಹಳ. ಆ ನಕ್ಷೆ ನಿಮ್ಮ ಕೈಯಲ್ಲಿರುವ ಸಾಕ್ಷಿ. ಪಕ್ಕದವರು ಒಪ್ಪಿ ಬಿಟ್ಟರೆ ಸರಿ, ಇಲ್ಲವೆಂದರೆ ಬಿಡಿಸಿಕೊಳ್ಳುವ ದಾರಿ ಕೋರ್ಟು.

ಹಂತ 5: ಬೇಲಿ

ಗೆರೆ ಗೊತ್ತಾದ ಮೇಲೆ ಬೇಲಿ ಸುಲಭ. ನಿಮ್ಮ ಖರ್ಚಿನ ಬೇಲಿ ನಿಮ್ಮ ನೆಲದಲ್ಲಿರಲಿ. ಕಲ್ಲುಕಂಬವಾದರೆ ಗುಂಡಿಯ ಅಗಲವೂ ಗೆರೆಯಿಂದ ಒಳಗೇ ಬರಬೇಕು, ಕಂಬ ಮಾತ್ರ ಬಂದರೆ ಸಾಲದು. ಲಕ್ಕಿ, ಕತ್ತಾಳೆ, ಕಳ್ಳಿಯ ಜೀವಂತ ಬೇಲಿ ವರ್ಷ ವರ್ಷ ಹಬ್ಬುತ್ತದೆ, ಅದಕ್ಕೆ ಎರಡು ಮೂರು ಅಡಿ ಬಿಡಿ. ಬಾಂದುಕಲ್ಲನ್ನು ಬೇಲಿಯೊಳಗೆ ಹುದುಗಿಸಬೇಡಿ, ಕಾಂಕ್ರೀಟು ಹಾಕಿ ಮುಚ್ಚಬೇಡಿ. ಅದನ್ನು ಕಾಪಾಡುವ ಹೊಣೆ ಕಾನೂನಿನ ಪ್ರಕಾರ ಜಮೀನುದಾರರದೇ.

ಪಕ್ಕದವರ ಮರದ ಕೊಂಬೆ ನಿಮ್ಮ ಕಡೆ ಚಾಚಿದ್ದರೆ ಹೇಳಿ ನೋಡಿ, ಕೇಳದಿದ್ದರೆ ಗೆರೆಯವರೆಗೆ ಸವರಬಹುದು. ಅವರ ಕಡೆ ಕಾಲಿಟ್ಟು ಬುಡ ಕಡಿಯಬಾರದು. ಗೆರೆಯ ಮೇಲೇ ನಿಂತ ದೊಡ್ಡ ಮರವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲು ವಿಚಾರಿಸಿ.

ಕಾಡುಹಂದಿ ಕಾಟಕ್ಕೆಂದು ಬೇಲಿ ತಂತಿಗೆ ನೇರವಾಗಿ ಕರೆಂಟು ಕೊಡುವುದು ಕೊಲೆಗೆ ಸಮ. ರಾತ್ರಿ ನೀರು ಹಾಯಿಸಲು ಬರುವುದು ಪಕ್ಕದ ಹೊಲದ ಮನುಷ್ಯ, ಮೇವಿಗೆ ಬರುವುದು ಅವರ ದನ. ಹೀಗೆ ಸತ್ತವರಿದ್ದಾರೆ, ಹಾಗೆ ತಂತಿ ಎಳೆದವರು ಜೈಲು ಸೇರಿದ್ದಾರೆ. ಬೇಕೇ ಬೇಕೆಂದರೆ ಸರಿಯಾದ ಎನರ್ಜೈಸರ್ ಇರುವ ಸೋಲಾರ್ ಬೇಲಿ ಹಾಕಿಸಿ, ಎಚ್ಚರಿಕೆಯ ಫಲಕ ನೇತುಹಾಕಿ.

ಹಂತ 6: ನೀರು

ನಮ್ಮ ಎರಡೂ ಜಿಲ್ಲೆಗಳಲ್ಲಿ ನೀರಿನ ಜಗಳದ ಬಣ್ಣ ಬೇರೆಬೇರೆ. ಚಿತ್ರದುರ್ಗದ ಬೆದ್ದಲು ಸೀಮೆಯಲ್ಲಿ ವರ್ಷವಿಡೀ ನೀರಿಲ್ಲ, ಬಂದರೆ ಒಂದೇ ರಾತ್ರಿಗೆ ಬರುತ್ತದೆ. ಮೇಲಿನ ಹೊಲದವರು ಬದುವಿನ ಕೋಡಿ, ಅಂದರೆ ಹೆಚ್ಚುವರಿ ನೀರು ಇಳಿದುಹೋಗಲು ಕಲ್ಲು ಜೋಡಿಸಿ ಬಿಟ್ಟ ಬಾಯಿ, ಮುಚ್ಚಿಬಿಟ್ಟಿರುತ್ತಾರೆ ಅಥವಾ ಬೇರೆ ಕಡೆಗೆ ತಿರುಗಿಸಿರುತ್ತಾರೆ. ಬದು ತುಂಬಿ ಒಡೆಯುತ್ತದೆ, ಕೆಳಗಿನವರ ಹೊಲದ ಮೇಲ್ಮಣ್ಣು ಕೊಚ್ಚಿಹೋಗಿ ಗೊರಕಲು ಬೀಳುತ್ತದೆ. ದಾವಣಗೆರೆಯ ಭದ್ರಾ ಅಚ್ಚುಕಟ್ಟಿನಲ್ಲಿ ತೊಂದರೆ ತಿರುವುಮುರುವು: ನೀರು ಬರುತ್ತಲೇ ಇರುತ್ತದೆ, ಹೋಗಲು ದಾರಿ ಇಲ್ಲ.

ಈಚೆಗೆ ಅತಿ ಹೆಚ್ಚು ಕೇಳಿಬರುತ್ತಿರುವುದು ಭತ್ತದ ಗದ್ದೆ ಅಡಿಕೆ ತೋಟವಾದಾಗಿನ ಜಗಳ. ಅಡಿಕೆಗೆ ಬುಡದಲ್ಲಿ ನೀರು ನಿಲ್ಲಬಾರದು, ಆದ್ದರಿಂದ ಟಿಪ್ಪರುಗಟ್ಟಲೆ ಮಣ್ಣು ಹೊಡೆಸಿ ಗದ್ದೆಯನ್ನು ಎತ್ತರಿಸುತ್ತಾರೆ. ಆ ಗದ್ದೆಯ ಮೂಲಕ ಇಳಿದು ಹೋಗುತ್ತಿದ್ದ ಮೇಲಿನ ಗದ್ದೆಗಳ ಬಸಿನೀರು ಅಲ್ಲೇ ನಿಲ್ಲುತ್ತದೆ. ಚನ್ನಗಿರಿ ಕಡೆಯ ಒಂದು ಊರಿನಲ್ಲಿ ನಾನು ನೋಡಿದ್ದು: ಒಂದು ಕಡೆ ಕೆಂಪುಮಣ್ಣಿನ ಹೊಸ ದಿಬ್ಬದ ಮೇಲೆ ಮೊಣಕಾಲೆತ್ತರದ ಅಡಿಕೆ ಸಸಿ, ಅದಕ್ಕೆ ತಾಗಿಕೊಂಡೇ ಇನ್ನೊಂದು ಕಡೆ ಮೂರು ವಾರದಿಂದ ನಿಂತ ನೀರಿನಲ್ಲಿ ಕೊಳೆತು ಕರ್ರಗಾದ ಭತ್ತದ ಬುಡ. ತೆಗೆದರೆ ಕೈಯಲ್ಲೇ ಪಿಸುಗುತ್ತಿತ್ತು. ಕೊನೆಗೆ ತೋಟದ ಅಂಚಿನಲ್ಲಿ ಹಳೆಯ ಕಾಲುವೆಯ ಮಟ್ಟಕ್ಕೆ ಸಿಮೆಂಟು ಕೊಳವೆ ಹೂತು ಬಗೆಹರಿಸಿಕೊಂಡರು, ಖರ್ಚು ಮಣ್ಣು ಹೊಡೆಸಿದವರದು. ಮಣ್ಣು ಹೊಡೆಸುವ ಮುನ್ನವೇ ಆ ಕೊಳವೆ ಹಾಕಿದ್ದರೆ ಎರಡು ಮನೆಯವರು ಒಂದು ವರ್ಷ ಮುಖ ನೋಡದೆ ಇರಬೇಕಾಗಿರಲಿಲ್ಲ. ನೀವೇ ಗದ್ದೆ ಎತ್ತರಿಸುವವರಾದರೆ ದಯವಿಟ್ಟು ಇದನ್ನು ಮೊದಲು ಮಾಡಿ.

ಕಾನೂನು ಏನು ಹೇಳುತ್ತದೆ? 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಒಪ್ಪಿಕೊಂಡ ತತ್ವ ಸರಳ: ಮೇಲಿನ ಜಮೀನಿನಲ್ಲಿ ಬಿದ್ದ ಮಳೆನೀರು ತನ್ನಷ್ಟಕ್ಕೆ ಕೆಳಗಿನ ಜಮೀನಿಗೆ ಇಳಿಯುವುದನ್ನು ಕೆಳಗಿನವರು ತಡೆಯುವಂತಿಲ್ಲ. ಅನುಭೋಗ ಹಕ್ಕು ಎಂದರೆ ಇನ್ನೊಬ್ಬರ ನೆಲದ ಮೇಲೆ ನಿಮಗಿರುವ ದಾರಿ, ನೀರು ಮುಂತಾದ ಬಳಕೆಯ ಹಕ್ಕು. ಆದರೆ ಇದು ಸಹಜವಾಗಿ ಹರಿಯುವ ನೀರಿಗೆ ಮಾತ್ರ. ಹರಡಿ ಇಳಿಯುತ್ತಿದ್ದ ನೀರನ್ನು ಹೊಸ ಕಾಲುವೆ ತೋಡಿ ಒಂದೇ ಬಾಯಿಯಿಂದ ಪಕ್ಕದವರ ಮೇಲೆ ಬಿಡುವುದು, ಬಚ್ಚಲ ನೀರು, ಕೊಟ್ಟಿಗೆ ನೀರು ಬಿಡುವುದು, ಗಡಿಗೆ ತಾಗಿ ಕೃಷಿಹೊಂಡ ತೋಡಿ ಅದರ ಒಸರು ಪಕ್ಕದ ಹೊಲ ಕೆಡಿಸುವುದು ಈ ಹಕ್ಕಿನೊಳಗೆ ಬರುವುದಿಲ್ಲ.

ತೋಡಿದ ಕಾಲುವೆಯಾದರೆ ಲೆಕ್ಕ ಬೇರೆ. ಪಕ್ಕದವರ ನೆಲದಲ್ಲಿ ನಿಮ್ಮ ನೀರಿನ ಕಾಲುವೆ 20 ವರ್ಷ ಬಹಿರಂಗವಾಗಿ, ಹಕ್ಕಿನಿಂದ, ಎಡೆಬಿಡದೆ ಹರಿದಿದ್ದರೆ ಅದು ನಿಮ್ಮ ಹಕ್ಕಾಗುತ್ತದೆ. ಆದರೆ ಅವರು ಅದನ್ನು ಮುಚ್ಚಿದ ಮೇಲೆ ನೀವು ಎರಡು ವರ್ಷದೊಳಗೆ ದಾವೆ ಹೂಡಬೇಕು. ಈ ಎರಡು ವರ್ಷದ ಮಾತು ಯಾರಿಗೂ ಗೊತ್ತಿರುವುದಿಲ್ಲ. "ನಮ್ಮ ಅಜ್ಜನ ಕಾಲದ ಕಾಲುವೆ" ಎಂದು ಹೇಳುತ್ತಾ ನಾಲ್ಕು ವರ್ಷ ಕೂತವರಿಗೆ ಅಜ್ಜನ ಕಾಲ ನೆರವಿಗೆ ಬರುವುದಿಲ್ಲ.

ಇನ್ನು ಎಲ್ಲಿ ಹೋಗಬೇಕು? ಮೊದಲು ಗ್ರಾಮ ನಕ್ಷೆಯಲ್ಲಿ ನೋಡಿ. ಆ ಹಳ್ಳ ನಕ್ಷೆಯಲ್ಲಿದ್ದರೆ ಅಥವಾ 'ಬ' ಖರಾಬಾಗಿದ್ದರೆ ಅದು ಪಕ್ಕದವರ ಜಗಳವೇ ಅಲ್ಲ, ಸರ್ಕಾರಿ ಜಾಗದ ಒತ್ತುವರಿ. ತಹಶೀಲ್ದಾರರಿಗೆ ಅರ್ಜಿ ಕೊಡಿ, ನಕ್ಷೆ ಲಗತ್ತಿಸಿ. ನಾಲೆಯ ಹೊಲಗಾಲುವೆ ಅಥವಾ ಇಲಾಖೆಯ ಬಸಿಗಾಲುವೆಯಾದರೆ ನೀರಾವರಿ ಇಲಾಖೆಯ ಇಂಜಿನಿಯರರಿಗೆ ಮತ್ತು ನಿಮ್ಮ ನೀರು ಬಳಕೆದಾರರ ಸಹಕಾರ ಸಂಘಕ್ಕೆ. ಊರ ಚರಂಡಿ, ಬೀದಿಯ ಮೋರಿ ಮುಚ್ಚಿದ್ದರೆ ಪಿಡಿಒಗೆ ಅಥವಾ ನಗರಸಭೆ, ಪಾಲಿಕೆಗೆ. ಸಾರ್ವಜನಿಕ ತೊಂದರೆಯಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಅಡೆತಡೆ ತೆಗೆಸುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗಿದೆ, ಆದರೆ ಇಬ್ಬರ ನಡುವಿನ ಖಾಸಗಿ ತಕರಾರಿಗೆ ಅದು ಅನ್ವಯಿಸುವುದಿಲ್ಲ. ಸೂರಿನ ನೀರು ನಿಮ್ಮ ಗೋಡೆಗೆ ಬೀಳುತ್ತಿದ್ದರೆ, ಅವರು ಕಟ್ಟಡದ ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ ಎಂದು ಪರವಾನಗಿ ನಕ್ಷೆಯ ಪ್ರತಿ ತೆಗೆಸಿ ನೋಡಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಎಷ್ಟೋ ಕಡೆ ಸೂರಿಗೆ ಒಂದು ತಗಡಿನ ದೋಣಿ, ಒಂದು ಕೊಳವೆ ಹಾಕಿದರೆ ಮುಗಿಯುವ ಕೆಲಸ ಇದು. ಖರ್ಚು ಹಂಚಿಕೊಳ್ಳಲು ನೀವೇ ಮುಂದಾಗಿ.

ಅರ್ಜಿ ಎಲ್ಲೇ ಕೊಡಿ, ಸ್ವೀಕೃತಿ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ.

ಹಂತ 7: ರಾಜಿಯಾದರೆ ಸರಿಯಾಗಿ ಬರೆಯಿರಿ

ಛಾಪಾ ಕಾಗದದ ಮೇಲೆ "ಅವರು ನಮಗೆ ಎರಡು ಗುಂಟೆ ಬಿಟ್ಟಿದ್ದಾರೆ, ನಾವು ಅವರಿಗೆ ಎರಡು ಗುಂಟೆ ಬಿಟ್ಟಿದ್ದೇವೆ" ಎಂದು ಬರೆದು ನೋಟರಿ ಮಾಡಿಸಿದರೆ ಜಮೀನು ಕೈ ಬದಲಾಗುವುದಿಲ್ಲ. ಜಾಗ ಅದಲುಬದಲು ಮಾಡಿಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಜಮೀನಿನ ಭಾಗ ಮಾರುವ ಅಥವಾ ಬದಲಿಸುವ ಮುನ್ನ ಬೇಕಾದ ಸರ್ವೆ ನಕ್ಷೆ, ಮಾಡಿಸಿ ನೋಂದಾಯಿತ ಪತ್ರವನ್ನೇ ಮಾಡಿಕೊಳ್ಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು. ಇರುವ ಗೆರೆಯನ್ನೇ ಇಬ್ಬರೂ ಒಪ್ಪಿಕೊಳ್ಳುವುದಾದರೆ ಇಷ್ಟೆಲ್ಲ ಬೇಡ. ಹದ್ದುಬಸ್ತು ನಕ್ಷೆ ಲಗತ್ತಿಸಿ, ಬೇಲಿ ಯಾರ ಖರ್ಚು, ಕಾಲುವೆಯ ಅಗಲ ಎಷ್ಟು, ಆಳ ಎಷ್ಟು, ಹೂಳು ತೆಗೆಯುವವರು ಯಾರು ಎಂದು ಅಡಿ ಲೆಕ್ಕದಲ್ಲಿ ಬರೆಯಿರಿ. "ಮೊದಲಿನಂತೆ ನೀರು ಬಿಡತಕ್ಕದ್ದು" ಎಂದು ಬರೆದ ರಾಜಿ ಮುಂದಿನ ಮಳೆಗೇ ಮುರಿದುಬೀಳುತ್ತದೆ.

ಹಂತ 8: ಕೋರ್ಟಿಗೆ ಹೋಗಲೇಬೇಕಾದರೆ

ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟರಿಗೆ, ಆದಾಯ ಮಿತಿಯೊಳಗಿನವರಿಗೆ ವಕೀಲರು ಉಚಿತ. ದಾವೆ ಹೂಡುವ ಮುನ್ನವೇ ಲೋಕ ಅದಾಲತ್ತಿನಲ್ಲಿ ಪ್ರಕರಣ ಇಡಬಹುದು. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ, ಸಮ, ಅದರ ಮೇಲೆ ಅಪೀಲಿಲ್ಲ. ಕೋರ್ಟಿನಲ್ಲಿರುವ ದಾವೆ ಅಲ್ಲಿ ಮುಗಿದರೆ ಕಟ್ಟಿದ ಶುಲ್ಕವೂ ವಾಪಸು ಬರುತ್ತದೆ.

ದಾವೆಯಲ್ಲಿ ಏನು ಕೇಳುತ್ತೀರಿ ಎಂಬುದು ಮುಖ್ಯ. ಜಾಗ ಇನ್ನೂ ನಿಮ್ಮ ಸ್ವಾಧೀನದಲ್ಲಿದ್ದು ಅವರು ನುಗ್ಗುತ್ತಿದ್ದರೆ ನಿರ್ಬಂಧಕಾಜ್ಞೆ, ಅಂದರೆ ತಡೆ ಆದೇಶ, ಸಾಕು. ಅವರು ಈಗಾಗಲೇ ಬೇಲಿ ಹಾಕಿಕೊಂಡು ಕೂತಿದ್ದರೆ ಬರೀ ತಡೆ ಕೇಳಿದ ದಾವೆ ನಿಲ್ಲುವುದಿಲ್ಲ. ಸ್ವಾಧೀನವನ್ನೂ ಕೇಳಬೇಕು, ಹಕ್ಕಿನ ಬಗ್ಗೆಯೇ ತಕರಾರಿದ್ದರೆ ಘೋಷಣೆಯನ್ನೂ, ಅಂದರೆ ಜಾಗ ನಿಮ್ಮದೆಂದು ಕೋರ್ಟು ಸಾರುವುದನ್ನೂ, ಕೇಳಬೇಕು. ವರ್ಷಗಟ್ಟಲೆ ನಡೆದ ದಾವೆ ಇದೊಂದು ಕಾರಣಕ್ಕೆ ವಜಾ ಆಗುವುದುಂಟು. ಕಟ್ಟಿದ್ದನ್ನು ತೆಗೆಸಲು, ಮುಚ್ಚಿದ ಕಾಲುವೆ ಬಿಡಿಸಲು ಆದೇಶಾತ್ಮಕ ನಿರ್ಬಂಧಕಾಜ್ಞೆ ಎಂಬುದು ಬೇರೆಯೇ ಇದೆ. ಗಡಿಯ ವ್ಯಾಜ್ಯದಲ್ಲಿ ಕೋರ್ಟ್ ಕಮಿಷನರ್ ನೇಮಿಸಿ ಸ್ಥಳ ಅಳತೆ ಮಾಡಿಸಲು ಅರ್ಜಿ ಹಾಕಲು ನಿಮ್ಮ ವಕೀಲರಿಗೆ ನೆನಪಿಸಿ.

ಗಡುವುಗಳನ್ನು ಗೋಡೆಯ ಮೇಲೆ ಬರೆದಿಡಿ. ನಿಮ್ಮನ್ನು ಬಲವಂತವಾಗಿ ಎಬ್ಬಿಸಿದ್ದರೆ ಹಕ್ಕುಪತ್ರದ ವಾದವಿಲ್ಲದೆ ಸ್ವಾಧೀನ ಮರಳಿ ಪಡೆಯುವ ದಾವೆಗೆ ಆರು ತಿಂಗಳು. ಹಕ್ಕಿನ ಮೇಲೆ ಜಾಗ ಬಿಡಿಸಿಕೊಳ್ಳಲು 12 ವರ್ಷ. ಅಷ್ಟು ಕಾಲ ಅವರು ಎದುರುಹಾಕಿಕೊಂಡು ಬಹಿರಂಗವಾಗಿ ಅನುಭವಿಸಿದರೆ ಜಾಗವೇ ಅವರದಾಗಬಹುದು. ಪಕ್ಕದವರು ನಿಮಗೆ ಗೊತ್ತಿಲ್ಲದೆ ತಡೆಯಾಜ್ಞೆ ತರುವ ಭಯವಿದ್ದರೆ ಕೇವಿಯಟ್ ಹಾಕಿ, ಅಂದರೆ ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಅರ್ಜಿ. ಅದರ ಆಯುಸ್ಸು 90 ದಿನ, ಮುಗಿದರೆ ಮತ್ತೆ ಹಾಕಬೇಕು.

ಹೊಡೆದಾಟದ ಬೆದರಿಕೆ ಬಂದರೆ ಮಾತ್ರ ಪೊಲೀಸರು: 112ಕ್ಕೆ ಕರೆ ಮಾಡಿ, ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನಲ್ಲಿ ಗಡಿಯ ಕಥೆ ಬೇಡ. ಯಾರು, ಯಾವತ್ತು, ಏನಂದರು, ಏನು ಎತ್ತಿಕೊಂಡು ಬಂದರು, ಯಾರು ನೋಡಿದರು ಅಷ್ಟನ್ನೇ ಬರೆಯಿರಿ. ಗಡಿಯ ಕಥೆ ಮೊದಲ ಸಾಲಿನಲ್ಲೇ ಇದ್ದರೆ "ಸಿವಿಲ್ ಮ್ಯಾಟರ್" ಎಂದು ಬರೆದು ಅದನ್ನು ಮುಚ್ಚುವುದು ಸುಲಭ.

ಡಿಕ್ರಿ ಬಂದ ಮೇಲೆ, ಅಥವಾ ರಾಜಿಯಾದ ಮೇಲೆ, ಮುಂದಿನ ಮಳೆ ಬರುವುದರೊಳಗೆ ಪಕ್ಕದವರನ್ನೂ ಕರೆದು ಅವರ ಎದುರೇ ಕಲ್ಲು ನೆಡಿಸಿ. ಪ್ರತಿ ಕಲ್ಲಿನ ಬಳಿ ಇಬ್ಬರೂ ನಿಂತ ಫೋಟೊ ತೆಗೆಯಿರಿ, ನಕ್ಷೆಯ ಒಂದು ಪ್ರತಿಯನ್ನು ಅವರಿಗೂ ಕೊಡಿ, ನಿಮ್ಮದನ್ನು ಕ್ರಯಪತ್ರ ಇಟ್ಟ ಕವರಿನಲ್ಲೇ ಇಡಿ.